ಕಿವಿಯ ಹಿಂದಿನ ಎಣ್ಣೆ

ಹಸಿರು, ಪಾಚಿಯ ಹಸಿರಲ್ಲ, ಹಳೆಯ ಹಿತ್ತಾಳೆ ತಾನಾಗಿಯೇ ಬೆವರಿ ಬೆವರಿ ಕಕ್ಕಿದ ಹಸಿರು, ಕೂದಲೆಳೆಯಷ್ಟು ತೆಳ್ಳಗೆ ಕೀಲಿನ ಸುತ್ತ ಒಂದು ಗೆರೆ, ಗೆರೆಯ ಆಚೆ ಗಾಳದ ಕೋಲಿನ ದಪ್ಪ ಅರ್ಧ, ಈಚೆ ಸಣ್ಣ ಅರ್ಧ, ನಡುವೆ ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಹೊಕ್ಕು ಕೂತು, ಅಜ್ಜ ಹೋದಾಗಿನಿಂದ ಜಪ್ಪಯ್ಯ ಅಂದರೂ ಬಿಡುತ್ತಿಲ್ಲ — ಬಿಡಬೇಕು, ಇವತ್ತೇ ಬಿಡಬೇಕು, ಕೆಳಗೆ ಸಾಮಾನಿನ ವ್ಯಾನು ಮತ್ತೆ ಹಾರ್ನ್ ಹೊಡೆಯುತ್ತಿದೆ, ಚಿಕ್ಕಪ್ಪ ಗರಗಸ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ, ಹೊಸ ಮನೆ ಮೆಟ್ಟಿಲ ತಿರುವಿನಲ್ಲಿ ಇಷ್ಟುದ್ದದ್ದು ಹತ್ತಲ್ಲಮ್ಮ, ವ್ಯಾನಿನ ಬಾಗಿಲೂ ಹಾಕೋಕಾಗಲ್ಲ, ಮಧ್ಯಕ್ಕೆ ಒಂದು ಸಲ ಗರಗಸ ಆಡಿಸಿಬಿಡ್ತೀನಿ, ಆಮೇಲೆ ಗೋಡೆಗೆ ನೇತುಹಾಕ್ಕೋ, ನೋಡೋರಿಗೇನು ಗೊತ್ತಾಗುತ್ತೆ — ಗೋಡೆಗಲ್ಲ ಚಿಕ್ಕಪ್ಪ, ಮೀನಿಗೆ — ಎಂದಳು ಮೊಮ್ಮಗಳು ತಲೆಯೆತ್ತದೆ, ಅಂದಳೋ, ಅಂದೆನೆಂದುಕೊಂಡಳೋ, ಎಲ್ಲವೂ ಮುಗಿದಿದೆಯಲ್ಲ, ಬಣ್ಣ ಹೋದ ಹಳೆಯ ವಾರ್ನಿಷನ್ನು ಗಾಜಿನ ಚೂರಿನಿಂದ ಕೆರೆದು, ಕೊಳೆತ ದಾರ ಬಿಚ್ಚಿ ಹೊಸ ರೇಷ್ಮೆ ದಾರ ಸುತ್ತಿ, ಬೆರಳಲ್ಲೇ ವಾರ್ನಿಷ್ ಸವರಿ ಒಣಗಿಸಿ, ಬಿದಿರು ಈಗ ಜೇನಿನ ಬಣ್ಣಕ್ಕೆ ತಿರುಗಿದೆ, ಈ ಗೇಣುದ್ದದ ಹಿತ್ತಾಳೆಯೊಂದು ಹಟ ಬಿಟ್ಟರೆ ಸಾಕು, ನಿನಗಿಂತ ಹಟಮಾರಿ ನಾನು, ನೋಡೇಬಿಡೋಣ — ಅಜ್ಜಿಯ ಕಥೆಯಲ್ಲಿ ಬಿದಿರಿನೊಳಗೆ ಏಳು ಜನ ವಾರಗಿತ್ತಿಯರು, ಗೆಣ್ಣಿಗೊಬ್ಬಳು, ಒಬ್ಬರಿಗೊಬ್ಬರಿಗೆ ಮಾತಿಲ್ಲ, ಉಪ್ಪು ಮುಗಿದರೆ ಮಾತ್ರ ಗೋಡೆ ತಟ್ಟೋದು — ಅವಳು ಬೆರಳ ಗೆಣ್ಣಿನಿಂದ ಕೊಳವೆ ತಟ್ಟಿದಳು, ಅಕ್ಕಾ ಸ್ವಲ್ಪ ಉಪ್ಪಿದೆಯಾ, ಸೀಮೆಎಣ್ಣೆ ಹನಿಸಿದ್ದಾಯಿತು, ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿದ್ದಾಯಿತು, ಬೆಳಿಗ್ಗೆ ಚಿಕ್ಕಪ್ಪ ಇಕ್ಕಳ ಹಾಕಿ ತಿರುಚಲು ಹೋಗಿ ಹಿತ್ತಾಳೆಯ ಮೇಲೆ ಹಲ್ಲಿನ ಗುರುತು ಬಿಟ್ಟಿದ್ದಾರೆ, ಅವಳು ಕಿತ್ತುಕೊಳ್ಳದಿದ್ದರೆ ಬಿದಿರೇ ಹೋಗುತ್ತಿತ್ತು, ತಿರುಚಬಾರದು ಮಗಾ, ಅಜ್ಜನ ದನಿ, ತಿರುಚಿದ್ರೆ ಬಿದಿರು ಎಳೆ ಎಳೆಯಾಗಿ ಬಿಚ್ಕೊಂಡುಬಿಡುತ್ತೆ, ನೇರಕ್ಕೆ ಎಳೀಬೇಕು, ನೇರಕ್ಕೆ — ಹೇಳುತ್ತಲೇ ಅಜ್ಜ ಸಣ್ಣ ಕೋಲಿನ ತುದಿಯ ಹಿತ್ತಾಳೆಯನ್ನು ಕಿವಿಯ ಹಿಂದೆ, ಬಿಳಿ ಕೂದಲಲ್ಲಿ, ತಿರುತಿರುಗಿಸಿ ಉಜ್ಜುತ್ತಿದ್ದರು, ತಲೆಯ ಎಣ್ಣೆ ಅಂಟಿದರೆ ಸಾಕು, ಸಲೀಸಾಗಿ ಕೂರುತ್ತೆ, ಸಲೀಸಾಗಿ ಬಿಡುತ್ತೆ, ಅಂಗಡಿಯ ಎಣ್ಣೆ ಇದಕ್ಕಾಗಿಬರಲ್ಲ.

ನೇರಕ್ಕೆ, ಸರಿ, ಆದರೆ ಒಬ್ಬಳೇ ಎಳೆದರೆ ಒಂದು ಕೈ ಮೇಲೆ ಒಂದು ಕೈ ಕೆಳಗೆ ಹೋಗಿ ಕೋಲು ಬಿಲ್ಲಾಗುತ್ತದೆ, ನೀರಿನ ಬದಿಯ ಕಲ್ಲುಮೆಟ್ಟಿಲಲ್ಲಿ ಅಜ್ಜನಿಗೆ ಹೇಗೆ ಬರುತ್ತಿತ್ತು, ಅಜ್ಜನ ಕೈ ಕೋಲಿನ ಮೇಲೆ, ಅದರ ಪಕ್ಕ ಇನ್ನೊಂದು ಕೈ, ಬಳೆ ಇರುವ ಕೈ, ಮತ್ತೆ ಅಜ್ಜನದು, ಮತ್ತೆ ಬಳೆಯದು — ಬಳೆ! ಎದುರುಬದುರು ನಿಂತು, ಇಬ್ಬರದೂ ಒಂದೊಂದು ಕೈ ಕೀಲಿನ ಆಚೆ, ಒಂದೊಂದು ಕೈ ಈಚೆ, ಹಾಗೆ ಹಿಡಿದರೆ ಕೋಲು ಬಾಗುವುದಕ್ಕೆ ದಾರಿಯೇ ಇಲ್ಲ, ಒಬ್ಬರ ಕೆಲಸವೇ ಅಲ್ಲ ಇದು, ಅಯ್ಯೋ ಮಂಕೇ, ಎಷ್ಟು ದಿನದಿಂದ ಒಬ್ಬಳೇ ಗುದ್ದಾಡುತ್ತಿದ್ದೀಯ — ಅಜ್ಜೀ, ಬಾ ಇಲ್ಲಿ. ಸುತ್ತಿಟ್ಟ ಹಾಸಿಗೆಯ ಮೇಲೆ ಕೂತು ಗಂಟು ಕಟ್ಟುತ್ತಿದ್ದ ಅಜ್ಜಿ ಅಲ್ಲಿಂದಲೇ, ನನ್ನ ಕೈಲೇನಾಗುತ್ತೆ, ಹಾಲಿನ ಪಾಕೀಟು ಬಿಚ್ಚೋಕೇ ಹಲ್ಲು ಬೇಕು ನಂಗೆ — ಬಾ ಅಂದ್ರೆ ಬಾ — ಅವಳು ತಂತಿ ಕಿತ್ತ ಫ್ರಿಜ್ಜಿನಲ್ಲಿ ಕರಗದೆ ಉಳಿದ ಕೊನೆಯ ಐಸಿನ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಕೀಲಿಗೆ ಒತ್ತಿದಳು, ಒಳಗಿನದು ಒಂದಿಷ್ಟು ಮುದುಡಲಿ, ಇದು ಕರಗಿದರೆ ಗರಗಸವೇ ಗತಿ, ಅಜ್ಜಿ ಎದುರು ಬಂದು ನಿಂತು, ಯಾರೂ ಹೇಳದೆಯೇ, ಒಂದು ಕೈ ಆಚೆ ಒಂದು ಕೈ ಈಚೆ ಇಟ್ಟಳು, ಕೈಗೆ ಇನ್ನೂ ನೆನಪಿದೆ — ಅವರು ಕೊನೇ ಸಲ ಮೀನಿಗೆ ಹೊರಟ ದಿನ, ಅವತ್ತು ನಾನೇ ಕಣೇ, ಮೀನಿನ ವಾಸನೆ ಅಂತ ಅವರ ತಲೆಗೆ ಸೋಪು ಹಾಕಿ ಉಜ್ಜಿದ್ದೆ, ಒಣಗಿದ ತಲೇಲಿ ಎಣ್ಣೆ ಎಲ್ಲಿಂದ ಬರಬೇಕು, ಮಂಡಿನೋವು ಅಂತ ಜೊತೆಗೂ ಹೋಗಲಿಲ್ಲ, ಬಿಚ್ಚೋಕಾಗದೆ ಹಾಗೇ ಹೆಗಲ ಮೇಲಿಟ್ಕೊಂಡು ಬಂದ್ರು, ನಾಳೆ ಬಿಚ್ಚೋಣ ಬಿಡೇ ಅಂದ್ರು — ಆ ನಾಳೆ ಬರುವುದರೊಳಗೆ ಅಜ್ಜ ಹೋದರೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ಚಿಕ್ಕಪ್ಪನ ಗರಗಸ ಸದ್ದಿಲ್ಲದೆ ನೆಲ ಮುಟ್ಟಿತು, ಎಳೀ ಅಜ್ಜಿ, ತಿರುಚಬೇಡ, ನಂಗೆ ಹೇಳ್ಕೊಡ್ತೀಯೇನೇ ನೀನು, ನೇರಕ್ಕೆ, ಇನ್ನೂ, ಉಸಿರು ಬಿಡಬೇಡ, ಅಜ್ಜಿಯ ಕೈ ಬಿಸಿ, ತನ್ನ ಕೈ ಐಸು, ಹಸಿರು ಗೆರೆ, ಗೆರೆ, ಗೆರೆ ಅಗಲವಾಯಿತೇ, ಇಲ್ಲ, ಕಣ್ಣಿನ ಭ್ರಮೆ, ಇಲ್ಲ, ಹಳದಿ, ಹಸಿರಿನ ಕೆಳಗೆ ಉಗುರಿನಷ್ಟು ಹಳದಿ — ಟಪ್. ಚಿಕ್ಕಪ್ಪ, ಅಮ್ಮಾ ಬಿದ್ದೀಯ, ಅಂದರು, ಅಜ್ಜಿ ಬೀಳಲಿಲ್ಲ, ದಪ್ಪ ಅರ್ಧವನ್ನು ಮೊಮ್ಮಗಳಿಗೆ ಬಿಟ್ಟು ಸಣ್ಣದನ್ನು ತಾನೇ ಹಿಡಿದುಕೊಂಡಳು, ತುದಿಯ ಹಿತ್ತಾಳೆಯನ್ನು ಸೆರಗಿನಿಂದ ಒರೆಸಿದಳು, ಕೆಳಗೆ ಹಾರ್ನು, ಹೊಡೆಯಲಿ, ಅಜ್ಜಿ ತಲೆ ಓರೆ ಮಾಡಿದಳು — ಕಿವಿಯ ಹಿಂದೆ, ಬಿಳಿ ಕೂದಲಲ್ಲಿ, ಹಳದಿ ಹಿತ್ತಾಳೆ, ತಿರುಗುತ್ತ, ತಿರುಗುತ್ತ, ಬಿಳಿ ಕೂದಲಲ್ಲಿ, ಹಳದಿ