ಅತ್ತೆಯ ಕಸದ ಬುಟ್ಟಿ

ಲಿಫ್ಟು ರಿಪೇರಿ ಮಾಡುವವನಿಗೆ ಮಗಳನ್ನು ಕೊಟ್ಟ ಮೇಲೆ ಮನೆಯಲ್ಲಿ ಕೆಟ್ಟದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ಮಾವ ನಂಬಿಬಿಟ್ಟಿದ್ದರು. ನಂಬಿಕೆ ಸುಳ್ಳೂ ಆಗಿರಲಿಲ್ಲ. ಸೋರುವ ನಲ್ಲಿ, ಒದ್ದರೆ ಮಾತ್ರ ತಿರುಗುವ ವಾಷಿಂಗ್ ಮಷಿನ್, ತನಗೆ ತೋಚಿದಾಗ ಹೊಡೆದುಕೊಳ್ಳುವ ಕರೆಗಂಟೆ, ಇವನ್ನೆಲ್ಲ ಅಳಿಯ ಒಂದೊಂದಾಗಿ ದಾರಿಗೆ ತಂದಿದ್ದ. ಅತ್ತೆ ಮಾತ್ರ ಅವನಿಗೆ ಇಂಥದ್ದು ಮಾಡಿಕೊಡಿ ಎಂದು ಬಾಯಿಬಿಟ್ಟು ಕೇಳಿದವರಲ್ಲ. ಅವನು ಬಂದರೆ ‘ಬನ್ನಿ’, ‘ಕೂತ್ಕೊಳ್ಳಿ’, ‘ಇನ್ನೊಂಚೂರು ಹಾಕ್ಲಾ’, ಇಷ್ಟೇ ಮಾತು. ಅದು ಬಿಗುಮಾನವಲ್ಲ, ಸಂಕೋಚ. ಹೊಸ ಗಾಜಿನ ಲೋಟವನ್ನು ಹಿಡಿದಷ್ಟೇ ಜೋಪಾನವಾಗಿ ಅವರು ಅಳಿಯನನ್ನು ಮಾತಾಡಿಸುತ್ತಿದ್ದರು. ಅವನಿಗೂ ಅವರೆದುರು ನಾಲಿಗೆ ತೊಡರುತ್ತಿತ್ತು. ಮದುವೆಯಾಗಿ ಎರಡು ವರ್ಷವಾದರೂ ಇಬ್ಬರ ನಡುವೆ ಮಾತು ಹೊಸಿಲು ದಾಟಿರಲಿಲ್ಲ.

ಅತ್ತೆ ಒಂದು ವಾರಪತ್ರಿಕೆಗೆ ಪದಬಂಧ ಬರೆಯುತ್ತಿದ್ದರು. ಮೊದಲೆಲ್ಲ ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ಲು, ರಬ್ಬರು; ಆಮೇಲೆ ಮಗಳು ಓದು ಮುಗಿಸಿ ಬಿಟ್ಟುಕೊಟ್ಟ ಲ್ಯಾಪ್‌ಟಾಪು. ಆ ಲ್ಯಾಪ್‌ಟಾಪಿಗೂ ವಯಸ್ಸಾಗಿತ್ತು. ಒಂದು ಕಡೆಯ ಕೀಲು ಸಡಿಲವಾಗಿ ಪರದೆಗೆ ಗೋಡೆಯ ಆಸರೆ ಬೇಕಿತ್ತು. ಬ್ಯಾಟರಿ ಸತ್ತು ಯಾವುದೋ ಕಾಲವಾಗಿ, ವೈರು ಚುಚ್ಚಿದ್ದರಷ್ಟೇ ಜೀವ. ತೆರೆದರೆ ಒಳಗೆ ಯಾರೋ ಕಾಳು ಬೀಸುತ್ತಿರುವ ಹಾಗೆ ಸದ್ದು.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವನ ಹತ್ತಿರ ಬಂದು ನಿಂತರು.

“ಅಳಿಯಂದ್ರೇ, ನಿಮಗೆ ಪುರುಸೊತ್ತಿದ್ರೆ… ಇಲ್ಲ ಅಂದ್ರೆ ಬೇಡ.”

“ಹೇಳಿ ಅತ್ತೆ.”

“ಇದು ಜಾಗ ಇಲ್ಲ, ಜಾಗ ಇಲ್ಲ ಅಂತ ರಾಗ ಎಳೀತಿದೆ. ಬರೆದದ್ದನ್ನ ಸೇವ್ ಮಾಡೋಕೂ ಬಿಡಲ್ಲ. ನಾಳೆ ಸಂಜೆಗೆ ಪದಬಂಧ ಕಳಿಸ್ಬೇಕು. ಒಂಚೂರು ಜಾಗ ಮಾಡಿಕೊಡೋಕಾಗುತ್ತಾ?”

ಎರಡು ವರ್ಷದಲ್ಲಿ ಅತ್ತೆ ಬಾಯಿಬಿಟ್ಟು ಕೇಳಿದ ಮೊದಲ ಕೆಲಸ. ಆಕಾಶಕ್ಕೆ ಲಿಫ್ಟು ಹಾಕಿಕೊಡಿ ಎಂದಿದ್ದರೂ ಅವನು ಆ ಹೊತ್ತಿನಲ್ಲಿ ಹೂಂ ಎನ್ನುತ್ತಿದ್ದ. “ನೀವು ಬರೋದ್ರೊಳಗೆ ಮುಗಿಸಿರ್ತೀನಿ” ಎಂದು ತೋಳು ಮಡಚಿದ. ಅಮ್ಮ, ಮಗಳು ಬಟ್ಟೆ ಅಂಗಡಿಗೆ ಹೊರಟರು. ಮಾವ ಪೇಪರು ಮುಖಕ್ಕೆ ಹಿಡಿದು ದಿವಾನದ ಮೇಲೆ ಒರಗಿದರು.

ತೆರೆದು ನೋಡಿದರೆ ಡಿಸ್ಕಿನ ಪಟ್ಟಿ ಈ ತುದಿಯಿಂದ ಆ ತುದಿಗೆ ಕೆಂಪಾಗಿತ್ತು. ಎಲ್ಲಕ್ಕಿಂತ ದಪ್ಪದ್ದು ಮೇಲೆ ಬರಲಿ ಎಂದು ಫೈಲುಗಳನ್ನು ಜೋಡಿಸಿದ. ಮೇಲೆ ಬಂದದ್ದು ‘ಮದುವೆ’. ಅದರ ಕೆಳಗೆ ‘ಮದುವೆ ಕಾಪಿ’. ಆಮೇಲೆ ‘ಮದುವೆ ಹೊಸದು’, ‘ಮದುವೆ ಚಿಕ್ಕಮ್ಮನಿಗೆ’, ‘ಮದುವೆ ಪಕ್ಕದ ಮನೆಯವರಿಗೆ’. ತೆರೆದರೆ ಎಲ್ಲದರಲ್ಲೂ ಅವನೇ! ಕಾಲರು ಒಂದು ಕಡೆ ಮಡಚಿಕೊಂಡು, ಯಾರು ಏನು ಹೇಳಿದರೂ ತಲೆಯಾಡಿಸುತ್ತ, ಪಕ್ಕದಲ್ಲಿ ನಗು ತಡೆದುಕೊಂಡ ಹೆಂಡತಿ. ಅದೇ ಸಿನಿಮಾ, ಪೂರ್ತಿ ಉದ್ದದ್ದು, ಮತ್ತೆ ಮತ್ತೆ.

“ಮಾವ, ಇದೇನು ಇಷ್ಟೊಂದು ಮದುವೆ?”

ಪೇಪರಿನ ಹಿಂದಿನಿಂದ ಉತ್ತರ ಬಂತು. “ನಿಮ್ಮತ್ತೆ ಕೆಲಸ. ಯಾರಾದ್ರೂ ಬಂದು ಮದುವೆ ತೋರ್ಸಿ ಅಂದ್ರೆ ಪೆನ್ ಡ್ರೈವಿಂದ ಹೊಸದಾಗಿ ಒಂದ್ಸಲ ಇಳಿಸ್ತಾಳೆ. ನೇರ ಅದರಲ್ಲೇ ನೋಡಿದ್ರೆ ಸವೆದುಹೋಗುತ್ತಂತೆ.”

ಅಂದರೆ ಅತ್ತೆಯ ಜಾಗ ತಿಂದು ಕೂತಿದ್ದವನು ತಾನೇ! ಅವನಿಗೆ ಒಳಗೊಳಗೇ ಹಿತವಾಯಿತು. ಎರಡು ವರ್ಷದಿಂದ ಮೂರು ಮಾತಿನ ಮೇಲೆ ಆಡದ ಹೆಂಗಸು, ಬಂದವರಿಗೆಲ್ಲ ಇವನನ್ನು ಕೂರಿಸಿ ತೋರಿಸಿದ್ದರು. ಒಂದು ಮದುವೆ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಡಿಲೀಟ್ ಮಾಡಿದ. ಪಟ್ಟಿ ಮಾತ್ರ ಕೆಂಪಾಗಿಯೇ ಇತ್ತು. ಅಳಿಸಿದ್ದೆಲ್ಲ ರೀಸೈಕಲ್ ಬಿನ್ನಿಗೆ ಹೋಗಿ ಕೂತಿತ್ತಲ್ಲ, ಅದನ್ನು ಬರಿದು ಮಾಡದೆ ಜಾಗ ಎಲ್ಲಿಂದ ಬರಬೇಕು? ಬುಟ್ಟಿ ತೆರೆದ. ಮದುವೆಗಳ ಜೊತೆಗೆ ಅಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ಪುಟ್ಟ ಫೈಲುಗಳಿದ್ದವು. ‘ಕೂರದ್ದು’, ‘ಹಾಳು’, ‘ಸುಮಾರು’, ‘ತೀರಾ ಹಾಳು’, ‘ಥೂ’. ಹೆಸರೇ ಹೇಳುತ್ತಿದೆಯಲ್ಲ ಇವು ಕಸ ಎಂದು, ಇನ್ನು ನೋಡುವುದೇನು? ಖಾಲಿ ಮಾಡು ಎಂಬಲ್ಲಿ ಒತ್ತಿದ. ಹಾಳೆ ಹರಿದಂಥ ಸದ್ದಾಗಿ ಬುಟ್ಟಿ ಬರಿದಾಯಿತು. ಕೆಂಪು ಪಟ್ಟಿ ನೀಲಿಯಾಯಿತು. ಅವನು ಎದ್ದು ಮೈಮುರಿದು ಒಂದು ಲೋಟ ನೀರು ಕುಡಿದ.

ಅತ್ತೆ ಬಂದವರೇ ಚಪ್ಪಲಿ ಬಿಟ್ಟು ನೆಟ್ಟಗೆ ಮೇಜಿಗೆ ಹೋದರು. ಈ ವಾರದ ಪದಬಂಧ ಒಂದೇ ಏಟಿಗೆ ಸೇವ್ ಆಯಿತು. “ಅಬ್ಬಾ!” ಎಂದು ಮಗಳ ಕಡೆ ತಿರುಗಿ, ಅಳಿಯನಿಗೆ ಕೇಳಲಿ ಎಂದೇ, “ನಿನ್ನ ಗಂಡ ಪರವಾಗಿಲ್ವೇ” ಎಂದರು. ಅವನು ಮುಖ ಆಚೆ ತಿರುಗಿಸಿ ನಕ್ಕ.

“ಒಂದು ಮೂಲೆ ಮಾತ್ರ ಕೂತಿಲ್ಲ. ಹಳೇದ್ರಲ್ಲಿ ಒಂದು ತುಂಡು ಇತ್ತು, ತರ್ತೀನಿ” ಎನ್ನುತ್ತ ಅತ್ತೆ ಕಸದ ಬುಟ್ಟಿಯ ಚಿತ್ರದ ಮೇಲೆ ಒತ್ತಿದರು. ಮತ್ತೊಮ್ಮೆ ಒತ್ತಿದರು. ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿದರು.

“ಅಳಿಯಂದ್ರೇ, ನನ್ನ ಬುಟ್ಟಿಯೊಳಗಿದ್ದದ್ದು ಎಲ್ಲಿ?”

“ಅದು ಕಸದ ಬುಟ್ಟಿ ಅಲ್ವಾ ಅತ್ತೆ. ಖಾಲಿ ಮಾಡಿದೆ.”

“ಅಯ್ಯೋ, ಏನೋ ಮಾಡಿಬಿಟ್ಟೆ ನೀನು!”

ಮಾವ ಪೇಪರು ಇಳಿಸಿದರು. ಹೆಂಡತಿಯ ಕೈಯಲ್ಲಿದ್ದ ಬಟ್ಟೆಯ ಚೀಲ ಅಲ್ಲೇ ನಿಂತಿತು. ಅತ್ತೆಗೆ ತಾವು ಅಳಿಯನನ್ನು ಏಕವಚನದಲ್ಲಿ ಕರೆದದ್ದು ಗೊತ್ತೇ ಆಗಿರಲಿಲ್ಲ. ಅವನ ಎದೆ ಧಸಕ್ಕೆಂದಿತ್ತು, ಅದು ನಿಜ. ಆದರೆ ಆ ಧಸಕ್ಕಿನ ನಡುವೆಯೇ, ಬೈಸಿಕೊಂಡ ಮಗನಿಗಾಗುವಂಥ ಒಂದು ಸಲಿಗೆಯೂ ತಟ್ಟಿತು.

“ಅಮ್ಮ, ಕಸದ ಬುಟ್ಟೀಲಿ ಯಾರಾದ್ರೂ ಬೇಕಾದ್ದನ್ನ ಇಡ್ತಾರಾ?” ಎಂದಳು ಮಗಳು.

“ಯಾಕೆ ಇಡಬಾರ್ದು?” ಅತ್ತೆ ಮೇಜಿನ ಕೆಳಗಿನ ಬೆತ್ತದ ಬುಟ್ಟಿಯನ್ನು ಕಾಲಿನಿಂದ ಮುಂದೆ ನೂಕಿದರು. ಮುದುಡಿದ ಚೌಕುಳಿ ಹಾಳೆಗಳು ಅದರ ಬಾಯಿವರೆಗೆ ತುಂಬಿದ್ದವು. “ಇದನ್ನ ನಾನು ಯಾವತ್ತಾದ್ರೂ ಚೆಲ್ಲಿದ್ದೀನಾ? ಕೂರದ ಪದ ಕೆಟ್ಟ ಪದ ಅಲ್ಲ ಕಣೇ, ಅದಕ್ಕೆ ಇನ್ನೂ ಜಾಗ ಸಿಕ್ಕಿಲ್ಲ ಅಷ್ಟೆ. ಬೇಕಾದಾಗ ಕೈ ಹಾಕಿ ತೆಗೀತೀನಿ. ಇದರಲ್ಲೂ ಬುಟ್ಟಿ ಇತ್ತು. ಕೇಳಿದ್ರೆ ವಾಪಸ್ ಕೊಡ್ತೀನಿ ಅಂತ ಅದೇ ಬರೆದುಕೊಂಡಿದೆ. ಹಾಕಿದೆ.”



ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಮೂಡಿತು. ಜಾಗವಿಲ್ಲದೆ ಎಷ್ಟೋ ತಿಂಗಳಿಂದ ಹೊರಗೆ ಕಾಯುತ್ತಿದ್ದ ಅಪ್‌ಡೇಟು, ಈಗ ಜಾಗ ಕಂಡದ್ದೇ ತಡ, ಇಳಿಯಲು ಶುರುವಿಟ್ಟಿತ್ತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ಅಳಿಯ ಒಂದು ಕ್ಷಣ ನೋಡಿದ. ಆಮೇಲೆ ನೆಲಕ್ಕೆ ಬಗ್ಗಿ ಗೋಡೆಯ ಪ್ಲಗ್ಗನ್ನು ಸರಕ್ಕನೆ ಕಿತ್ತ. ಸತ್ತ ಬ್ಯಾಟರಿಯ ಲ್ಯಾಪ್‌ಟಾಪು ಆ ಕ್ಷಣವೇ ಕಪ್ಪಾಯಿತು.

“ಇದೊಂದು ಬಾಕಿ ಇತ್ತು!” ಹೆಂಡತಿ ತಲೆ ಮೇಲೆ ಕೈಹೊತ್ತಳು.

“ತಡಿ, ಹೇಳ್ತೀನಿ. ಅತ್ತೆ, ನಿಮ್ಮ ಪದಬಂಧ ಪೂರ್ತಿ ಹೋಗಿಲ್ಲ. ಡಿಲೀಟ್ ಮಾಡಿದ್ರೆ ಬಾಗಿಲ ಮೇಲಿನ ಹೆಸರಿನ ಹಲಗೆ ಮಾತ್ರ ತೆಗೀತಾರೆ, ಒಳಗಿನ ಸಾಮಾನು ಹಾಗೇ ಇರುತ್ತೆ. ಮನೆ ಖಾಲಿ ಇದೆ ಅಂತ ಹೊಸಬರು ಬಂದು ತುಂಬಿಕೊಂಡ್ರೆ ಮಾತ್ರ ಹಳೇದು ಹೋಗೋದು. ಆ ಅಪ್‌ಡೇಟು ಗಂಟುಮೂಟೆ ಸಮೇತ ಒಳಗೆ ಬರ್ತಿತ್ತು. ಅದಕ್ಕೇ ಕಿತ್ತೆ. ಇನ್ನು ಇದನ್ನ ಯಾರೂ ಚಾಲೂ ಮಾಡಬೇಡಿ.”

ಅತ್ತೆ ಕಪ್ಪು ಪರದೆಯನ್ನೂ ಅವನನ್ನೂ ನೋಡಿದರು. “ಸಿಗುತ್ತಾ?”

“ಗೊತ್ತಿಲ್ಲ ಅತ್ತೆ” ಎಂದ. ಸಿಗುತ್ತೆ ಎಂದುಬಿಡಲು ನಾಲಿಗೆ ತುದಿಯವರೆಗೂ ಬಂದಿತ್ತು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ, ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು, ಅತ್ತೆಯೊಡನೆ ಬಸ್ಸು ಹತ್ತಿದ. ಸೇತುವೆಯ ಬುಡದಲ್ಲಿ ಅವನಿಗೆ ಗೊತ್ತಿದ್ದ ಒಂದು ಕಂಪ್ಯೂಟರ್ ಅಂಗಡಿಯಿತ್ತು. ದಾರಿಯುದ್ದಕ್ಕೂ ಅತ್ತೆ ಬಸ್ಸು ಕುಲುಕಿದಾಗಲೆಲ್ಲ ಅವನ ತೊಡೆಯ ಮೇಲಿದ್ದ ಟವೆಲಿನ ಗಂಟನ್ನು ಒಂದು ಕೈಯಿಂದ ಹಿಡಿದುಕೊಳ್ಳುತ್ತಿದ್ದರು, ಕೂಸನ್ನು ಹಿಡಿದ ಹಾಗೆ.

ಅಂಗಡಿಯಾಕೆ ನೆತ್ತಿಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿ, ತಳದ ತಿರುಪು ಬಿಚ್ಚಿ ಡಿಸ್ಕನ್ನು ಹೊರಗೆಳೆದರು. “ಪುಣ್ಯಕ್ಕೆ ಹಳೇ ಕಾಲದ ತಿರುಗೋ ಡಿಸ್ಕು. ಈಗಿನ ಹೊಸ ಥರದ್ದಾಗಿದ್ರೆ ಅಳಿಸಿದ ಜಾಗಾನ ಆಗಲೇ ಗುಡಿಸಿ ಸಾರಿಸಿಬಿಡ್ತಿತ್ತು. ಯಾರು ಖಾಲಿ ಮಾಡಿದ್ದು?”

“ನಾನು” ಎಂದ ಅಳಿಯ.

“ಅವರದ್ದೇನೂ ತಪ್ಪಿಲ್ಲ. ಕಸದ ಬುಟ್ಟೀಲಿ ಇಟ್ಟವಳು ನಾನು” ಎಂದರು ಅತ್ತೆ.

“ನಾನು ಕೇಳ್ಬೇಕಿತ್ತು.”

“ನಾನು ಹೇಳ್ಬೇಕಿತ್ತು.”

ಅಂಗಡಿಯಾಕೆ ಇಬ್ಬರನ್ನೂ ನೋಡಿ ನಕ್ಕರು. “ತಾಯಿ, ಮಗ ಚೆನ್ನಾಗಿ ಹಂಚಿಕೊಳ್ತೀರಿ.”

“ಮಗ ಅಲ್ಲ, ಅಳಿಯ” ಎಂದರು ಅತ್ತೆ.

“ಅಳಿಯ ಅಲ್ಲ, ಮಗಳ ಗಂಡ” ಎಂದುಬಿಟ್ಟ ಅವನು. ಗಾದೆ ಬಾಯಿಗೆ ಬಂದದ್ದು ಹೇಗೋ ಅವನಿಗೇ ಗೊತ್ತಾಗಲಿಲ್ಲ. ಅತ್ತೆಗೆ ನಗು ಒತ್ತರಿಸಿ ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದು, ಭುಜ ಕುಲುಕಿ ಕುಲುಕಿ ನಕ್ಕರು. ಅವರು ಹಾಗೆ ನಗುವುದನ್ನು ಅವನು ಕಂಡದ್ದು ಅದೇ ಮೊದಲು.

ಅಂಗಡಿಯಾಕೆ ಡಿಸ್ಕನ್ನು ತಮ್ಮ ಯಂತ್ರಕ್ಕೆ ಒಂದು ತುಂಡು ವೈರಿನಿಂದ ಜೋಡಿಸಿ ಹುಡುಕಲು ಬಿಟ್ಟರು. ಸಿಕ್ಕಿದ್ದನ್ನೆಲ್ಲ ಬೇರೊಂದು ಡಿಸ್ಕಿಗೇ ತುಂಬಬೇಕು, ಇದರ ಮೇಲೆ ಒಂದು ಅಕ್ಷರವೂ ಬೀಳಬಾರದು ಎಂದರು. ಪಟ್ಟಿ ಬಸವನಹುಳುವಿನ ಹಾಗೆ ತೆವಳಿತು. ಕಾಯುವ ಹೊತ್ತಿನಲ್ಲಿ ಅತ್ತೆ ಚೀಲದಿಂದ ಹಾಳೆ ತೆಗೆದು ಈ ವಾರದ ಪದಬಂಧವನ್ನು ನೆನಪಿನಿಂದಲೇ ಬರೆದು ಮುಗಿಸಿದರು. ಕೂರದೆ ಉಳಿದಿದ್ದ ಮೂಲೆಯನ್ನು ಒಡೆದು ಬೇರೆ ಪದ ಕೂರಿಸಿದರು. ಅಳಿಯ ಅದರ ಫೋಟೋ ಹೊಡೆದು ಪತ್ರಿಕೆಯವರಿಗೆ ಕಳಿಸಿದ.

ಕೊನೆಗೆ ಫೈಲುಗಳು ಸಿಕ್ಕವು. ಬಹಳಷ್ಟು ಸಿಕ್ಕವು. ಆದರೆ ಹೆಸರುಗಳೆಲ್ಲ ಕಳೆದುಹೋಗಿದ್ದವು. ‘ಥೂ’ ಯಾವುದು, ‘ಸುಮಾರು’ ಯಾವುದು ಎಂದು ತಿಳಿಯದ ಹಾಗೆ ಎಲ್ಲಕ್ಕೂ ಅರ್ಥವಿಲ್ಲದ ಅಕ್ಷರ, ಅಂಕಿಗಳು. ಒಂದೊಂದನ್ನೂ ತೆರೆದು ನೋಡಿ ಹೆಸರಿಡದೆ ಬೇರೆ ದಾರಿಯಿರಲಿಲ್ಲ.

ಆ ವಾರ ಪೂರ್ತಿ ಅಳಿಯ ಕೆಲಸ ಮುಗಿಸಿ ನೇರ ಅತ್ತೆಯ ಮನೆಗೇ ಬಂದ. ಇಬ್ಬರೂ ಮೇಜಿಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಅವನು ಫೈಲು ತೆರೆಯುವುದು, ಅತ್ತೆ ಸುಳಿವು ಓದುವುದು, ಉತ್ತರ ಅವನಿಗೆ ಬಂದರೆ ‘ಸುಲಭದ್ದು’ ಎಂದು ಹೆಸರು, ಬಾರದಿದ್ದರೆ ‘ಒಳ್ಳೇದು’.

“ತಾನು ಇದ್ದಲ್ಲೇ ಇದ್ದು ಎಲ್ಲರನ್ನೂ ಮೇಲೆ ಕಳಿಸುವುದು. ಮೂರಕ್ಷರ.”

“ಲಿಫ್ಟು!”

“ಲಿಫ್ಟು ಎರಡೇ ಅಕ್ಷರ. ಅದೂ ಅಲ್ದೆ, ಲಿಫ್ಟು ಇದ್ದಲ್ಲೇ ಇದ್ರೆ ನಿನ್ನನ್ನ ಕರೀತಾರೆ ಅಲ್ವೇನೋ? ಮೆಟ್ಟಿಲು. ಇನ್ನೊಂದು ಕೇಳು. ಸದಾ ತಿರುಗಿಬಿದ್ದರೂ ಇವನು ಸೇವಕನೇ. ಎರಡಕ್ಷರ.”

ಅವನು ತಲೆ ಕೆರೆದುಕೊಂಡ. ಅಡುಗೆಮನೆಯಿಂದ ಹೆಂಡತಿ, “ನೀನೇ ಇರ್ಬೇಕು, ನೋಡು” ಎಂದಳು.

“ಸದಾ ಅನ್ನೋದನ್ನ ತಿರುಗಿಸೋ!”

“ದಾ… ಸ. ದಾಸ! ಅತ್ತೆ, ಇದನ್ನ ಹೋಗಿ ಹೋಗಿ ಕಸದ ಬುಟ್ಟಿಗೆ ಹಾಕಿದ್ರಾ?”

“ಪಕ್ಕದ ಪದ ಕೂರಲಿಲ್ಲ ಕಣೋ” ಎಂದು ಅತ್ತೆ ನಾಚಿಕೊಂಡರು.

ಕೆಲವು ಫೈಲು ತೆರೆಯಲೇ ಇಲ್ಲ. ಅಪ್‌ಡೇಟು ಕಾಲಿಟ್ಟ ಜಾಗದವು ಅವು. ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಅತ್ತೆ ಮೊದಲಿನಿಂದ ಮತ್ತೊಮ್ಮೆ ಹುಡುಕಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

“ಯಾವುದು ಸಿಕ್ಲಿಲ್ಲ ಅತ್ತೆ?”

“ದೊಡ್ಡದೊಂದಿತ್ತು. ವಿಶೇಷ ಸಂಚಿಕೆಗೆ ಅಂತ ಹೋದ ವರ್ಷದಿಂದ ಕಟ್ತಾ ಇದ್ದೆ. ಎರಡು ಪುಟದ್ದು. ಹೋಗ್ಲಿ ಬಿಡು. ಪದಗಳೇನು, ಎಲ್ಲಿಗೆ ಹೋಗ್ತಾವೆ.”

ಹೋಗ್ಲಿ ಬಿಡು ಎಂದವರ ಮುಖ ಹಾಗೆ ಹೇಳುತ್ತಿರಲಿಲ್ಲ. ಅವನಿಗೆ ಬೈಸಿಕೊಂಡಿದ್ದರೇ ವಾಸಿಯಿತ್ತು ಅನ್ನಿಸಿತು. ಬೆತ್ತದ ಬುಟ್ಟಿಯಿಂದ ಒಂದು ಮುದುಡಿದ ಹಾಳೆ ತೆಗೆದು, ಮೇಜಿನ ಮೇಲೆ ಅಂಗೈಯಿಂದ ನೀವಿ, ಖಾಲಿ ಬೆನ್ನಿನ ಕಡೆ ತಿರುಗಿಸಿದ. ಕೆಲಸದ ಚೀಲದಿಂದ ಅಳತೆಪಟ್ಟಿ ತೆಗೆದು ಗೆರೆ ಎಳೆಯಲು ಕೂತ. ಅಡ್ಡಕ್ಕೆ, ಉದ್ದಕ್ಕೆ, ಕೂದಲಷ್ಟೂ ಆಚೀಚೆಯಾಗದ ಹಾಗೆ.

“ನೆನಪಿರೋದನ್ನ ಹೇಳಿ ಅತ್ತೆ, ತುಂಬ್ತೀನಿ.”

ಅತ್ತೆ ಕನ್ನಡಕ ಹಾಕಿಕೊಂಡು ಗೆರೆಗಳನ್ನು ನೋಡಿದರು. “ಚೌಕ ಮಾತ್ರ ಅಚ್ಚುಕಟ್ಟು” ಎಂದು ಕುರ್ಚಿಯನ್ನು ಹತ್ತಿರಕ್ಕೆಳೆದರು.

ಲ್ಯಾಪ್‌ಟಾಪು ಈಗಲೂ ಕಾಳು ಬೀಸುತ್ತ ನಡೆಯುತ್ತಿದೆ. ಅದರ ಮುಂಬಾಗಿಲಲ್ಲೇ ‘ಬುಟ್ಟಿ’ ಎಂಬ ಹೆಸರಿನ ಒಂದು ಫೋಲ್ಡರಿದೆ. ಕೂರದ ಪದಗಳ ಬಿಡಾರ ಅದು. ಅದರದೇ ಇನ್ನೊಂದು ಪ್ರತಿ ಬೀರುವಿನಲ್ಲಿಟ್ಟ ಡಿಸ್ಕಿನಲ್ಲಿರುತ್ತದೆ. ಪ್ರತಿ ಭಾನುವಾರ ಊಟವಾದ ಮೇಲೆ ಅಳಿಯ ಪ್ರತಿ ತೆಗೆಯುತ್ತಾನೆ, ಅತ್ತೆ ಪಕ್ಕದಲ್ಲಿ ಕಾವಲು ನಿಲ್ಲುತ್ತಾರೆ. ಮದುವೆ ಮಾತ್ರ ಒಂದೇ. ಸವೆಯುವುದಿಲ್ಲ ಎಂದು ಅವನು ಪ್ರಮಾಣ ಮಾಡಿ ಹೇಳಿದ ಮೇಲೂ ಅತ್ತೆ ಅದನ್ನು ಲೆಕ್ಕವಿಟ್ಟೇ ನೋಡುತ್ತಾರೆ.

ಎರಡು ಪುಟದ ಪದಬಂಧ ಮುಕ್ಕಾಲು ತುಂಬಿದ್ದಾಗ, ಒಂದು ಮಧ್ಯಾಹ್ನ ಅಳಿಯ ಯಾವುದೋ ಆಫೀಸು ಕಟ್ಟಡದ ತುತ್ತತುದಿಯಲ್ಲಿ, ಲಿಫ್ಟಿನ ಮೋಟಾರು ಕೋಣೆಯಲ್ಲಿ ಮೊಣಕೈವರೆಗೆ ಗ್ರೀಸು ಬಳಿದುಕೊಂಡು ಕೂತಿದ್ದ. ಫೋನು ಬಡಿದುಕೊಂಡಿತು.

“ಎಲ್ಲಿದ್ದೀಯೋ? ಐದಕ್ಷರ ಬೇಕು. ನಡುವೆ ‘ರು’, ಕೊನೆಗೆ ‘ರ’. ಬೆಳಗಿಂದ ತಲೆ ತಿಂತಿದೆ.”

ಅವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಕಣ್ಣೆದುರಿನ ಹಗ್ಗಗಳನ್ನು ನೋಡುತ್ತ ಬೆರಳು ಮಡಚಿದ.

“ಎದುರುಭಾರ.”

“ಹಾಗಂದ್ರೇನು?”

“ಲಿಫ್ಟಿನ ಹಗ್ಗದ ಈ ತುದೀಲಿ ಜನ ಇದ್ರೆ ಆ ತುದೀಲಿ ಒಂದು ಭಾರ ಕಟ್ಟಿರ್ತೀವಿ ಅತ್ತೆ. ಇದು ಮೇಲೆ ಹೋದ್ರೆ ಅದು ಕೆಳಗೆ ಬರುತ್ತೆ. ಅದಿಲ್ಲ ಅಂದ್ರೆ ಮೋಟಾರು ಎಳೆಯೋಕೆ ಒದ್ದಾಡಿಬಿಡುತ್ತೆ. ಕೌಂಟರ್‌ವೇಟ್ ಅಂತೀವಿ. ಎದುರುಭಾರ ಅಂತ ಈಗ ನಾನೇ ಅಂದಿದ್ದು.”

ಆ ಕಡೆಯಿಂದ ಪೆನ್ಸಿಲ್ಲು ಗೀಚುವ ಸದ್ದು ಮಾತ್ರ.

“ಕೂತ್ಕೊಂಡ್ತು ಕಣೋ!” ಎಂದು ಕೂಗಿ ಅತ್ತೆ ಫೋನಿಟ್ಟೇಬಿಟ್ಟರು.

ಸುಳಿವು ಏನು ಬರೆಯುತ್ತೀರಿ ಎಂದು ಕೇಳಬೇಕೆಂದಿದ್ದ. ಇನ್ನು ವಿಶೇಷ ಸಂಚಿಕೆ ಬರುವ ತನಕ ಕಾಯಬೇಕಾಯಿತಲ್ಲ ಎಂದುಕೊಂಡು ಕೈಯೊರೆಸಿಕೊಂಡು ಎದ್ದ.