ಕೆಳಗಿನಿಂದ ಒಂದು, ಮೇಲಿನಿಂದ ಒಂದು

ಹಸಿರು, ಎಷ್ಟೊಂದು ಹಸಿರು, ಜೋಳದ ಹೊಲವೇ ನದಿಯೊಳಗೆ ಇಳಿದು ಮಲಗಿದ ಹಾಗೆ, ಅಂತರಗಂಗೆ ಅದು, ಬರೀ ಕಳೆ, ಹೋದ ವಾರವಷ್ಟೇ ಯಂತ್ರ ಬಂದು ಎತ್ತಿಹೋಗಿತ್ತು, ಆಗಲೇ ಮತ್ತೆ ಹಬ್ಬಿದೆ — ಬಸ್ಸು ಸೇತುವೆಯ ಮೇಲೆ ನಿಂತೇ ಇದೆ, ಹಡಪಸರದಿಂದಲೂ ಮುಂದೆ ಅದೇ ಸಿಮೆಂಟಿನ ಲಾರಿ, ಮಾರ್ತಾಂಡ ಕಿಟಕಿಗೆ ಹಣೆ ಒತ್ತಿದ, ಇಲ್ಲಿಂದ ಘಾಟು, ನದಿಗಿಳಿಯುವ ಕಲ್ಲಿನ ಮೆಟ್ಟಿಲು, ಕಾಣುವುದಿಲ್ಲ, ಆಲದ ಮರ ಅಡ್ಡ, ಎಷ್ಟು ಸಾಲು ಕಲ್ಲು ಕೂರಿಸಿರಬಹುದು, ಎರಡು, ಮೂರು, ಎರಡೇ ಆಗಿರಲಿ ದೇವರೇ, ಸುಣ್ಣದ ಗಾರೆ ಮೂರು ದಿನಕ್ಕೆ ಗಟ್ಟಿಯಾಗುವುದಿಲ್ಲ, ಆಗುತ್ತದೆಯೆ, ಅದು ಸಂಜೆ ಕಾಲೇಜಿನ ಎರಡನೆಯ ವರ್ಷದ ಪಾಠ, ಹಗಲೆಲ್ಲ ಕಾರ್ಖಾನೆಯಲ್ಲಿ ನಿಂತು ಬಂದವನಿಗೆ ಆ ಪಾಠದ ಹೊತ್ತಿಗೆ ಕಣ್ಣು ಮುಚ್ಚಿಹೋಗಿತ್ತು, ಉಳಿದವರಿಗೆಲ್ಲ ಗೊತ್ತಿರುವುದು ತನಗೊಬ್ಬನಿಗೇ ಗೊತ್ತಿಲ್ಲ ಎಂಬ ಭಯ ಅಂದಿನಿಂದಲೇ ಇರಬೇಕು. ಮೂವತ್ತೊಂದು ಮೆಟ್ಟಿಲು, ಮೆಟ್ಟಿಲಿಗೆ ಆರು ಕಲ್ಲು, ನೂರಾ ಎಂಬತ್ತಾರು ಕಲ್ಲು, ದಂಡೆಗೆ ಹೊಸ ಗೋಡೆ ಬರುತ್ತದೆ, ಸೈಕಲ್ ದಾರಿ, ದೀಪ, ಬೆಂಚು, ಹಳೆಯದೆಲ್ಲ ಹೋಗುತ್ತದೆ, ಈ ಘಾಟು ಮಾತ್ರ ಬಿಚ್ಚಿ ಇದ್ದ ಹಾಗೇ ಮತ್ತೆ ಕಟ್ಟಬೇಕು ಎಂದು ಸೈಟಿನ ಎಂಜಿನಿಯರ್ ಕೇತಕಿ ಮೇಡಂ ಮೀಟಿಂಗಿನಲ್ಲಿ ಮೇಜು ಕುಟ್ಟಿ ಗೆದ್ದುಕೊಂಡು ಬಂದದ್ದು, ಬಂದವರೇ ನಕ್ಷೆಯ ಕೆಲಸ ಇವನ ಕೈಗೆ ಕೊಟ್ಟದ್ದು, ತುಝ್ಯಾವರ್ ಸೋಡ್ತೇ ಎಂದಿದ್ದರು, ನಿನಗೆ ಬಿಟ್ಟಿದ್ದೇನೆ ಎಂದು, ಆ ಮಾತಿನ ಸುಖಕ್ಕೆ ಅವನು ಎರಡು ದಿನ ಸರಿಯಾಗಿ ಉಂಡಿರಲಿಲ್ಲ.

ತಪ್ಪು ಕಂಡದ್ದು ನಿನ್ನೆ, ದೌಂಡದಲ್ಲಿ, ಅಕ್ಕ ಸುಮಂಗಲಾಳ ಮನೆಯಲ್ಲಿ, ಮೂರು ದಿನದ ಜ್ವರ ಇಳಿದು ಗಂಜಿ ಕುಡಿಯುತ್ತ ಫೋನಿನಲ್ಲಿ ಹಳೆಯ ಫೋಟೋ ಸರಿಸುತ್ತಿದ್ದಾಗ — ಘಾಟು ಬಿಚ್ಚಿದ ದಿನದ ಫೋಟೋ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ಹಾರೆ ಹಿಡಿದ ಕಲ್ಲುಕೆಲಸದ ಲಾಲಪ್ಪ, ಅವನ ಕಾಲ ಬಳಿಯ ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಂಕಿ, ಒಂದು. ಮೇಲಿನದು ಒಂದು! ಮೊದಲು ಎತ್ತಿದ ಕಲ್ಲಿಗೆ ಮೊದಲ ಅಂಕಿ, ಒಡ್ಡರು ಹಾಗಲ್ಲದೆ ಇನ್ನು ಹೇಗೆ ಬರೆದಾರು, ಆದರೆ ಇವನ ನಕ್ಷೆಯಲ್ಲಿ ಒಂದು ನೀರಿಗೆ ತಾಗಿದ ಮೆಟ್ಟಿಲು, ಅಳತೆ ಯಾವಾಗಲೂ ನೆಲದಿಂದ ಮೇಲಕ್ಕೆ ಎಂದು ಸಂಜೆ ಕಾಲೇಜಿನ ಮಾಸ್ತರು ಹಲಗೆಯ ಮೇಲೆ ಗೆರೆ ಎಳೆದಿದ್ದರಲ್ಲ, ಅದನ್ನೇ ನಂಬಿ ಪಟ್ಟಿ ಬರೆದ, ಲಾಲಪ್ಪನ ಕೈಗೆ ಕೊಟ್ಟು ಖಾಲೂನ್ ಸುರು ಕರಾ ಎಂದ, ಕೆಳಗಿನಿಂದ ಶುರು ಮಾಡಿ ಎಂದು ಮರಾಠಿಯಲ್ಲಿ, ಜ್ವರ ಏರುತ್ತಿತ್ತು, ರೈಲು ಹತ್ತಿಬಿಟ್ಟ. ಕಲ್ಲಿನ ಮೇಲೆ ಬರೆದದ್ದು ಹೇಗೆ ಎಂದು ಕನ್ನಡದಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಅವರೂ ಯಾದಗಿರಿ ಕಡೆಯವರು, ಇವನ ಅಪ್ಪನೂ ಅಲ್ಲಿಂದಲೇ ಸುತ್ತಿಗೆ ಹೊತ್ತು ಬಂದವನು, ಕನ್ನಡ ಆಡಿದರೆ ಸೂಪರ್‌ವೈಸರ್ ಹೋಗಿ ಒಡ್ಡರ ಹುಡುಗ ಉಳಿಯುತ್ತಾನೆ ಎಂದು ಎರಡು ವರ್ಷದಿಂದ ಸೈಟಿನಲ್ಲಿ ಬರೀ ಮರಾಠಿ — ನಿನ್ನೆಯಿಂದ ಲಾಲಪ್ಪನ ಫೋನು ಬಂದ್. ನೂರೈವತ್ತು ವರ್ಷ ಬಿಸಿಲಿಗೆ ಕಾದ ಕಲ್ಲು ನೀರಿನಡಿಗೆ, ಪಾಚಿ ಹಿಡಿದ ಕಲ್ಲು ಮೇಲಕ್ಕೆ, ತಲೆಕೆಳಗಾದ ಘಾಟು, ನೋಡಿದವರಿಗೆ ಗೊತ್ತೂ ಆಗಲಿಕ್ಕಿಲ್ಲ, ಅವನಿಗೆ ಗೊತ್ತಿರುತ್ತದೆ, ಸಾಯುವ ತನಕ.

ಇಳಿದ, ಓಡಿದ, ತಗಡಿನ ಬೇಲಿಯ ಸಂದಿನಲ್ಲಿ ನುಗ್ಗಿದ, ನಾಲ್ಕು ಸಾಲು, ನಾಲ್ಕು! ತಿಪ್ಪವ್ವ ಐದನೆಯದಕ್ಕೆ ಗಾರೆ ಹಾಕುತ್ತಿದ್ದಳು, ಸೊಂಟಕ್ಕೆ ಸೆರಗು ಸಿಕ್ಕಿಸಿದ ಮುದುಕಿ, ಲಾಲಪ್ಪನ ತಾಯಿ. ಆ ಕಲ್ಲು, ಬಿಳಿ ಅಂಕಿ ಎಷ್ಟು, ನೂರಾ ಅರವತ್ತೊಂದೋ, ಕಣ್ಣು ಮಂಜಾಗಿದೆ, ನೂರಾ ಅರವತ್ತೊಂದು ಕೆಳಗೆ ಹೇಗೆ, ಪಟ್ಟಿಯ ಪ್ರಕಾರ ಅಲ್ಲಿ ಇಪ್ಪತ್ತೈದು ಇರಬೇಕಿತ್ತು, ಹಾಗಾದರೆ — ಪಟ್ಟಿ ನೋಡಿಲ್ಲೇನಬೇ, ಎಂದುಬಿಟ್ಟ, ಕನ್ನಡದಲ್ಲಿ, ಉಸಿರು ಕಟ್ಟಿದ ಕನ್ನಡದಲ್ಲಿ. ತಿಪ್ಪವ್ವ ಕರಣೆ ನಿಲ್ಲಿಸಿದಳು. ಅಯ್ಯ, ಸಾಹೇಬ್ರಿಗಿ ಬಾಯಿ ಬಂತಲ್ಲೋ ಲಾಲ್ಯಾ, ಎರಡ ವರ್ಷ ಆತು, ಮೂಕ ಅನಕೊಂಡಿದ್ದೆ. ಲಾಲಪ್ಪ ನಗುತ್ತ, ಪಟ್ಟಿ ಅದರಿ, ಗಾಳಿಗಿ ಹಾರತದಂತ ಸುಣ್ಣದ ಚೀಲದ ಬುಡಕ ಇಟ್ಟೀವಿ, ಫೋನ್ ಗಾರ್‍ಯಾಗ ಬಿತ್ತರಿ, ಇಲ್ಲಂದ್ರ ಕೇಳತಿದ್ದೆ, ಎಂದ. ಮತ್ತ ಕಲ್ಲು ಹೆಂಗ ಇಟ್ರಿ, ಎಂದರೆ ತಿಪ್ಪವ್ವನಿಗೆ ಸಿಟ್ಟೇ ಬಂತು. ಹೆಂಗಂದ್ರ? ಅಂಕಿ ಯಾರಿಗಿ ಬೇಕೋ ತಮ್ಮಾ, ಕಲ್ಲಿಗಿ ಮಾರಿ ಇಲ್ಲೇನು? ನೀರ ತಿಂದ ಕಲ್ಲು ಕೆಳಗ, ಅರಿಬಿ ಒಗದು ನುಣುಪಾಗಿದ್ದು ಅದರ ಮ್ಯಾಲ, ಇನ್ನ ನಡದ ದಾರಿ ಹೆಜ್ಜಿನೇ ಹೇಳತಾವ, ಬೂಟ ಬಿಚ್ಚು, ಬಾ ಇಲ್ಲಿ, ಇಳಿ.

ಬಿಚ್ಚಿದ, ಸಾಕ್ಸಿನ ತೂತು ಕಂಡಿತು, ಕಾಣಲಿ, ಅದನ್ನೂ ಕಳಚಿ ಇಳಿದ, ಕಲ್ಲಿನ ನಡುವೆ ಬಟ್ಟಲಿನಂಥ ಸವೆತ, ಬಲಗಾಲು ತಾನಾಗಿ ಅದರೊಳಗೆ ಕೂತಿತು, ಮುಂದಿನ ಸವೆತ ಸರಿಯಾಗಿ ಎಡಗಾಲಿಗೆ, ಹುಡುಕಬೇಕಾಗಲಿಲ್ಲ, ಮತ್ತೆ ಬಲ, ಮತ್ತೆ ಎಡ — ಅಂಕಿಗಳನ್ನು ತಿರುಗಿ ನೋಡಿದ, ನೂರಾ ಎಂಬತ್ತಾರು ನೀರಿಗೆ ತಾಗಿದೆ, ಸರಿ, ಎಲ್ಲ ಸರಿ, ಹತ್ತಕ್ಕೆ ಮೇಡಂ ಬರುತ್ತಾರೆ, ಹೇಳಬೇಕು, ಪಟ್ಟಿ ತಪ್ಪಿತ್ತು ಎಂದು, ಉಳಿಸಿದ್ದು ಇವರು ಎಂದು ಬರೆದು ಕೊಡಬೇಕು, ಮೇಡಂ ಬೈದರೆ ಬೈಯಲಿ — ನನ್ನ ಹೆಸರೂ ಹಾಕು ಮತ್ತ, ಎಂದಳು ತಿಪ್ಪವ್ವ ಮನಸ್ಸಿನೊಳಗಿದ್ದುದನ್ನು ಓದಿದವಳಂತೆ, ಯಾರ ಮಗನೋ ನೀ, ಯಾದಗಿರಿ ಸೀಮಿ ಬಾಯಿನೇ ಅದ ನಿಂದು, ಎಂದಳು, ಈರಬಸಪ್ಪನ ಮಗ, ಎಂದ, ಕಲ್ಲಕೆಲಸದ ಈರಬಸಪ್ಪ, ಜೋರಾಗಿಯೇ ಎಂದ, ಯಾರ ಹೆಜ್ಜೆಯೋ ಇದು, ಎಷ್ಟು ಜನರದೋ, ಕೊಡ ಹೊತ್ತವರು, ಹೆಣ ಹೊತ್ತವರು, ಅಂಗಾಲಿನಡಿ ತಣ್ಣಗೆ ಒಂದು ಬೊಗಸೆ ನೀರು, ಮೇಲೆ ಲಾರಿಯ ಹಾರನ್ನು, ಯಾರೋ ಕರೆಯುತ್ತಿದ್ದಾರೆ, ಬಂದೆ, ಕಾಲು ಎತ್ತಬೇಕು, ಎತ್ತುತ್ತಾನೆ, ಈಗ, ಇನ್ನೊಂದು ಕ್ಷಣ — ಕಲ್ಲಿನಲ್ಲಿ ಹೆಜ್ಜೆ, ಹೆಜ್ಜೆಯಲ್ಲಿ ನೀರು, ನೀರಿನಲ್ಲಿ ಅವನ ಕಾಲು.