ಜಗಳದ ಶನಿವಾರ

"ಅದನ್ನ ಕೊಡ್ರಿ."

"ಯಾವದನ್ನ?"

"ಅದ ರೀ... ಅದು..." ಅಪರ್ಣಾ ಹಿಟ್ಟು ಮೆತ್ತಿದ ಕೈಯನ್ನು ಗಾಳಿಯಲ್ಲಿ ಹಿಂದೆ ಮುಂದೆ ಆಡಿಸಿದಳು. ಮಣೆಯ ಮೇಲೆ ಕಣಕದ ಉಂಡೆ ಕೂತಿತ್ತು. ಹಂಚು ಕಾದು ಹೊಗೆಯಾಡುತ್ತಿತ್ತು. ಬೇಕಾದ ವಸ್ತು ಗಂಡನ ಮಗ್ಗುಲಲ್ಲೇ ಡಬ್ಬಿಗಳ ಮೇಲೆ ಬಿದ್ದಿದೆ, ಕಣ್ಣಿಗೆ ಕಾಣುತ್ತಿದೆ, ಹೆಸರು ಮಾತ್ರ ಬರಲೊಲ್ಲದು.

ವೀರಭದ್ರ ಪೇಪರು ಬದಿಗಿಟ್ಟು, "ಲಟ್ಟಣಗಿನಾ?" ಎಂದು ಎತ್ತಿ ಕೊಟ್ಟ. "ಇಷ್ಟಕ್ಕ ಯಾಕ ಅಳುಮಾರಿ ಮಾಡ್ಕೊಂಡೀ? ನನಗೂ ಮರೀತದ. ನಿನ್ನಿ ಆಫೀಸಿನ್ಯಾಗ ನಮ್ಮ ಸಾಹೇಬನ ಹೆಸರ ನೆನಪಾಗಲಿಲ್ಲ. ಪುಣ್ಯಕ್ಕ ಅವಂಗ ಗೊತ್ತಾಗಲಿಲ್ಲ."

ಅಪರ್ಣಾ ನಗಲಿಲ್ಲ. ಲಟ್ಟಣಗಿ, ಲಟ್ಟಣಗಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಚಪಾತಿ ಲಟ್ಟಿಸಿದಳು. ಧಾರವಾಡದಲ್ಲಿ ಅವ್ವನಿಗೂ ಹೀಗೇ ಶುರುವಾಗಿತ್ತು, ಇದೇ ವಯಸ್ಸಿನಲ್ಲಿ. ಮೊದಲು ಸೌಟು ‘ಅದು’ ಆಯಿತು, ಆಮೇಲೆ ಕುಬಸ ‘ಅದು’ ಆಯಿತು. ಕೊನೆಕೊನೆಗೆ ಅವ್ವ ಬಾಗಿಲಲ್ಲಿ ನಿಂತ ಅಪರ್ಣಾಳನ್ನೇ ನೋಡಿ, ಪಕ್ಕದ ಮನೆಯವಳಿಗೆ, "ಅದು ಯಾರವಾ?" ಎಂದು ಕೇಳಿದ್ದಳು. ಆ ಮಾತನ್ನು ಅಪರ್ಣಾ ಇವತ್ತಿಗೂ ಯಾರ ಮುಂದೆಯೂ ಪೂರ್ತಿ ಹೇಳಿಕೊಂಡಿಲ್ಲ, ಕಚೇರಿಯ ಮಧುಛಂದಾ ಒಬ್ಬರನ್ನು ಬಿಟ್ಟು.

ಮರೆವು ಯಾರಿಗಿಲ್ಲ ಹೇಳಿ. ಆದರೆ ಪದಗಳನ್ನೇ ತಿಂದು ಬದುಕುವವರಿಗೆ ಒಂದು ಪದ ಕೈಕೊಟ್ಟರೂ ಎದೆ ಝಲ್ ಎನ್ನುತ್ತದೆ. ಕೋಲ್ಕತ್ತದ ಸಿಂಥಿಯ ಹತ್ತಿರದ ಹಳೇ ಮನೆಯೊಂದರ ಮಹಡಿಯಲ್ಲಿ ನಡೆಯುವ ನಿಘಂಟು ಕಚೇರಿಯಲ್ಲಿ ಅಪರ್ಣಾಳ ಕೆಲಸ. ಏನು ಕೆಲಸ ಎಂದು ಕೇಳಿದವರಿಗೆ ಹೇಳಿದರೆ ನಂಬುತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲದ ಕಠಿಣ ಪದಗಳ ಗೊಡವೆ ಅಲ್ಲಿಲ್ಲ. ಎಲ್ಲರಿಗೂ ಗೊತ್ತಿರುವ ಪುಟ್ಟ ಇಂಗ್ಲಿಷ್ ಪದಗಳದ್ದೇ ತಕರಾರು. ಟೇಕ್, ಗೆಟ್, ಸೆಟ್, ರನ್. ನಮ್ಮಲ್ಲಿ ಕಾಲು ಓಡುತ್ತದೆ, ಅಂಗಡಿ ನಡೆಯುತ್ತದೆ, ನಲ್ಲಿಯ ನೀರು ಹರಿಯುತ್ತದೆ, ಮಗುವಿನ ಮೂಗು ಸೋರುತ್ತದೆ, ಒಗೆದರೆ ಸೀರೆ ಬಣ್ಣ ಬಿಡುತ್ತದೆ. ಒಂದೊಂದಕ್ಕೆ ಒಂದೊಂದು ಆಳು. ಇಂಗ್ಲಿಷಿನವರು ಮಹಾ ಜಿಪುಣರು. ಒಂದು ‘ರನ್’ ಎಂಬ ಬಡಪಾಯಿಯ ಕೈಲಿ ಅಷ್ಟೂ ಚಾಕರಿ ಮಾಡಿಸಿಕೊಳ್ಳುತ್ತಾರೆ. ಚುನಾವಣೆಗೆ ನಾವು ನಿಂತರೆ ಅಮೆರಿಕದವರು ಅದಕ್ಕೂ ಓಡುತ್ತಾರೆ!

ಪತ್ರಿಕೆಗಳಿಂದ, ಕಾದಂಬರಿಗಳಿಂದ ಹೆಕ್ಕಿದ ವಾಕ್ಯಗಳು ಕಂಪ್ಯೂಟರಿನಲ್ಲಿ ಬರುತ್ತವೆ. ಪ್ರತಿ ವಾಕ್ಯದಲ್ಲೂ ಆ ಪದ ಯಾವ ಅರ್ಥದಲ್ಲಿ ಬಂದಿದೆ ಎಂದು ನೋಡಿ ಎದುರಿಗೆ ಅರ್ಥದ ಸಂಖ್ಯೆ ಹಾಕಬೇಕು. ಕಾಲಿನಿಂದ ಓಡಿದರೆ ಒಂದು, ಅಂಗಡಿ ನಡೆಸಿದರೆ ಇನ್ನೊಂದು, ಹೀಗೆ. ಒಬ್ಬರ ತಲೆಯನ್ನು ನಂಬುವ ಹಾಗಿಲ್ಲವೆಂದು ಅದೇ ವಾಕ್ಯಗಳನ್ನು ಇಬ್ಬರಿಗೆ ಬೇರೆಬೇರೆಯಾಗಿ ಕೊಡುತ್ತಾರೆ. ವಾರವಿಡೀ ಇಬ್ಬರೂ ಒಂದೇ ಕೋಣೆಯಲ್ಲಿ ಕೂತರೂ ಕೆಲಸದ ಮಾತು ಎತ್ತುವಂತಿಲ್ಲ, ಇವರದನ್ನು ಅವರು ನೋಡುವಂತಿಲ್ಲ. ಶನಿವಾರ ಎರಡನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಹೊಂದಲಿಲ್ಲವೋ ಅಲ್ಲಿ ಕಾದಾಡಿ ಇತ್ಯರ್ಥ ಮಾಡಬೇಕು. ಇದಕ್ಕೆ ‘ಝೊಗ್ಡಾರ್ ಶೋನಿಬಾರ್’, ಜಗಳದ ಶನಿವಾರ ಎಂದು ಹೆಸರಿಟ್ಟವರು ಮಧುಛಂದಾ ಸಾನ್ಯಾಲ್. ಅಪರ್ಣಾಳ ಜೊತೆಗಾತಿ, ಅವಳಿಗಿಂತ ಹಿರಿಯರು, ಮದುವೆಯಾಗದವರು, ಈ ಕೆಲಸ ಕಲಿಸಿದ ಗುರು. ಹುರಿದ ಮಂಡಕ್ಕಿಗೆ ಸಾಸಿವೆ ಎಣ್ಣೆ ಹಾಕಿ ಕಲಸಿ, ಕಪ್ಪು ಚಹಾ ಮಾಡಿಟ್ಟುಕೊಂಡು ಕಾಯುತ್ತಿದ್ದರು. "ಬಾ ಒಪೊರ್ಣಾ, ಕುಸ್ತಿಗೆ!" ಎಂದು ಅವರು ತಮ್ಮ ಬಂಗಾಳಿ ಉಚ್ಚಾರದಲ್ಲಿ ಕರೆದರೆ ಅಪರ್ಣಾಗೆ ವಾರದ ದಣಿವೆಲ್ಲ ಇಳಿಯುತ್ತಿತ್ತು. ಈ ಊರಲ್ಲಿ ಅವಳಿಗೆ ಅಕ್ಕ ಅಂತ ಯಾರಾದರೂ ಇದ್ದರೆ ಅದು ಮಧುದಿ.

ದುರ್ಗಾಪೂಜೆಯ ರಜೆ ಮುಗಿದಾಗಿನಿಂದ ಆ ಕುಸ್ತಿ ಕೆಟ್ಟಿತ್ತು. ಮೊದಲು ಅಲ್ಲೊಂದು ಇಲ್ಲೊಂದು ವಾಕ್ಯ ಹೊಂದುತ್ತಿರಲಿಲ್ಲ. ಈಗ ಪರದೆಯ ತುಂಬ ಕೆಂಪು ಗೆರೆ. ಸಂಪಾದಕರು ಒಂದು ದಿನ ಬಾಗಿಲಲ್ಲೇ ನಿಂತು, "ನಿಮ್ಮಿಬ್ಬರಲ್ಲಿ ಒಬ್ಬರು ಎಡವುತ್ತಿದ್ದೀರಿ. ಯಾರು ಅಂತ ನೀವೇ ನೋಡಿಕೊಳ್ಳಿ," ಎಂದು ಹೇಳಿಹೋದರು. ಅಪರ್ಣಾಗೆ ನೋಡಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಎಡವುತ್ತಿರುವುದು ಯಾರೆಂದು ಅವಳಿಗೆ ಗೊತ್ತಿತ್ತು. ಶನಿವಾರ ಮಧುದಿ ಬೆರಳೆತ್ತಿ, "ಇದು ಹೀಗೇ, ನೀನು ತಪ್ಪು," ಎಂದರೆ, ಇವಳು, "ಹೌದು ಮಧುದಿ, ನೀವು ಹೇಳಿದ್ದೇ ಸರಿ," ಎಂದು ತನ್ನ ಸಂಖ್ಯೆ ಅಳಿಸಿಬಿಡುತ್ತಿದ್ದಳು. ಆಮೇಲಾಮೇಲೆ ವಾರದ ನಡುವೆಯೂ ಹಾಗೇ ಆಯಿತು. ವಾಕ್ಯ ಓದಿದ ಕೂಡಲೇ ಒಂದು ಸಂಖ್ಯೆ ಹೊಳೆಯುತ್ತಿತ್ತು. ಹಾಕುತ್ತಿದ್ದಳು. ಇದೇನಾ? ಅಲ್ಲವೇನೋ? ಅಳಿಸುತ್ತಿದ್ದಳು. ಅವ್ವನಿಗೂ ತಾನು ಹೇಳಿದ್ದೇ ಸರಿ ಅನ್ನಿಸುತ್ತಿತ್ತಲ್ಲ!

ಲಟ್ಟಣಗಿಯ ಹೆಸರು ಮರೆತ ಆ ಶುಕ್ರವಾರ ಅವಳು ಮಾಡಬಾರದ ಕೆಲಸ ಮಾಡಿದಳು. ಮಧ್ಯಾಹ್ನ ಮಧುದಿ ಊಟದ ಡಬ್ಬಿ ಹಿಡಿದು ತಾರಸಿಯ ಬಿಸಿಲಿಗೆ ಹೋದರು. ಅಪರ್ಣಾ ಎದ್ದು ಬಾಗಿಲು ಓರೆ ಮಾಡಿ ಅವರ ಕುರ್ಚಿಯಲ್ಲಿ ಕೂತಳು. ಕಳ್ಳಿ ಎಂದು ತನ್ನನ್ನೇ ಬೈದುಕೊಂಡಳು. ಅವರು ಹಾಕಿದ ಸಂಖ್ಯೆಗಳನ್ನು ನೋಡಿ ತಾನೂ ಅವನ್ನೇ ಹಾಕಿಬಿಟ್ಟರೆ ನಾಳೆ ಕೆಂಪು ಗೆರೆ ಇರುವುದಿಲ್ಲ, ಮಾನ ಉಳಿಯುತ್ತದೆ, ಇನ್ನೊಂದು ವಾರ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟೇ ಅವಳ ಆಸೆ. ಮೌಸು ಹಿಡಿದು ಅವರ ಪಟ್ಟಿ ತೆರೆದಳು.

ಈ ವಾರದ ಪದ ‘ರನ್’. ಹುಡುಗ ಬಸ್ಸಿನ ಹಿಂದೆ ಓಡಿದ: ಒಂದು. ಸರಿ. ವಿಧವೆ ಗಂಡನ ಹೋಟೆಲು ನಡೆಸಿದಳು: ಒಂದು. ಮಗುವಿನ ಮೂಗು ಸೋರುತ್ತಿತ್ತು: ಒಂದು. ಅಪರ್ಣಾ ಹುಬ್ಬು ಗಂಟಿಕ್ಕಿ ಕೆಳಗೆ ಸರಿಸಿದಳು. ಕೆಂಪು ಸೀರೆಯ ಬಣ್ಣ ಬಿಟ್ಟು ಬಿಳಿ ಬಟ್ಟೆಗೆಲ್ಲ ಹತ್ತಿತು: ಒಂದು. ಒಂದು, ಒಂದು, ಒಂದು. ಪುಟದ ಕೆಳಗಿನ ತನಕ ಕಾಲಿನಿಂದ ಓಡುವ ಒಂದನೇ ಅರ್ಥವೇ.

"ಇಲ್ಲ, ಇದು ಹೋಟೆಲು ನಡಸೋದು. ಇದು ಮೂಗು. ಇದು ಬಣ್ಣ," ಎಂದು ಅವಳ ಬಾಯಿ ತಾನಾಗಿಯೇ ಹೇಳುತ್ತ ಹೋಯಿತು. ಒಂದೊಂದು ವಾಕ್ಯಕ್ಕೂ ಸರಿಯಾದ ಸಂಖ್ಯೆ ತಟ್ಟನೆ ಬಂದು ನಿಲ್ಲುತ್ತಿತ್ತು, ಅನುಮಾನಕ್ಕೆ ಎಡೆಯೇ ಇಲ್ಲದೆ. ಅವಳು ಹಿಂದಿನ ವಾರಗಳ ಕೆಲಸವನ್ನೂ ತೆರೆದಳು. ಜಗಳದಲ್ಲಿ ತಾನು ಸೋತು ಅಳಿಸಿದ ಕಡೆಗಳನ್ನು ನೋಡಿದಳು. ಅಲ್ಲೆಲ್ಲ ತಾನೇ ಸರಿಯಿದ್ದಳು.

ಅಬ್ಬಾ! ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಒಗೆದಂತಾಯಿತು. ನನಗೇನೂ ಆಗಿಲ್ಲ, ಅವ್ವಾ, ನನಗೇನೂ ಆಗಿಲ್ಲ ಎಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೇಬಿಟ್ಟಳು. ಆ ನಗು ಮುಗಿಯುವ ಮೊದಲೇ ತಾನು ಯಾರ ಕುರ್ಚಿಯಲ್ಲಿ ಕೂತಿದ್ದೇನೆ ಎಂಬುದು ನೆನಪಾಯಿತು. ತಾರಸಿಯಿಂದ ಮಧುದಿ ಯಾರಿಗೋ ಜೋರಾಗಿ ಏನೋ ಹೇಳುತ್ತಿರುವುದು ಕೇಳುತ್ತಿತ್ತು, ಎಂದಿನ ಅದೇ ಗತ್ತಿನ ದನಿ. ತನಗಾಗಿ ಪಟ್ಟ ಹೆದರಿಕೆಗಿಂತ ಈ ಹೆದರಿಕೆ ಕೆಟ್ಟದ್ದಾಗಿತ್ತು. ಏಕೆಂದರೆ ಮುಂದೇನಾಗುತ್ತದೆ ಎಂಬುದನ್ನು ಅವಳು ಒಮ್ಮೆ ಕಣ್ಣಾರೆ ಕಂಡಿದ್ದಳು.

ರಾತ್ರಿ ಗಂಡನ ಮುಂದೆ ಎಲ್ಲ ಹೇಳಿ ಅತ್ತಳು. ವೀರಭದ್ರ, "ಅವರಿಗೆ ಹಿಂದ ಮುಂದ ಯಾರೂ ಇಲ್ಲಲ್ಲ? ನೀನs ಹೇಳಬೇಕು," ಎಂದ.

"ಹೆಂಗ ಹೇಳ್ಲಿ? ನಿಮ್ಮ ತಲಿ ಹೊಂಟದ ಅಂತ ಹೇಳ್ಲೇನು?"

ವೀರಭದ್ರ ಎದ್ದು ಅವಳಿಗೆ ನೀರು ತಂದು ಕೊಟ್ಟ.

ಶನಿವಾರ ಸಂಜೆ ಅಪರ್ಣಾ ಕೋಣೆಗೆ ಕಾಲಿಟ್ಟಾಗ ಮಂಡಕ್ಕಿ ಇರಲಿಲ್ಲ, ಕಂಪ್ಯೂಟರು ಮುಚ್ಚಿತ್ತು. ಮಧುದಿ ಗಂಜಿ ಹಾಕಿದ ಹತ್ತಿಯ ಸೀರೆಯುಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

"ಒಪೊರ್ಣಾ, ಇವತ್ತು ಜಗಳ ಬೇಡ. ಬಾ, ಇಲ್ಲಿ ಕೂತ್ಕೋ." ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. "ಬಹಳ ದಿನದಿಂದ ನೋಡ್ತಾ ಇದ್ದೀನಿ. ಹೇಳಲೋ ಬೇಡವೋ ಅಂತ ಸಂಕಟ ಪಟ್ಟೆ. ನಿನ್ನ ತಾಯಿ ವಿಷಯ ನೀನೇ ಹೇಳಿದ್ದೆಯಲ್ಲ... ನೀನು ತುಂಬ ತಪ್ಪು ಮಾಡ್ತಾ ಇದ್ದೀಯ, ತಂಗಿ. ಸಂಪಾದಕರಿಗೆ ನಾನು ಏನೂ ಬಾಯಿ ಬಿಟ್ಟಿಲ್ಲ. ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೀನಿ, ಇಲ್ಲೇ ಡನ್‌ಲಪ್ ಹತ್ತಿರ ಚೇಂಬರು. ಭೊಯ್ ಪೇಯೋ ನಾ. ಹೆದರಬೇಡ. ನಾನಿದ್ದೀನಿ."

ಅಪರ್ಣಾ ಬಾಯಿ ತೆರೆದಳು. ಇಲ್ಲ ಮಧುದಿ, ತಪ್ಪುತ್ತಿರುವುದು ನೀವು ಎನ್ನುವ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಆ ಮುಖ ನೋಡಿದಳು. ಇವಳಿಗಾಗಿ ಅತ್ತು ಅತ್ತು ಕೆಂಪಾದ ಕಣ್ಣು.

"ನಿನ್ನ ಹೆಸರು ಬರೆಸಿದ್ದೀನಿ," ಎಂದರು ಮಧುದಿ ಮತ್ತೆ, ಈಗಷ್ಟೇ ನೆನಪಾದವರ ಹಾಗೆ. "ಡನ್‌ಲಪ್ ಹತ್ತಿರ ಚೇಂಬರು."

"ನನಗೆ ಭಾಳ ಹೆದರಿಕೆ ಆಗ್ತಾ ಇದೆ ಮಧುದಿ," ಎಂದಳು ಅಪರ್ಣಾ. ಅದರಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. "ನೀವು ಒಳಗಿನ ತನಕ ಜೊತೆಗೆ ಬರಬೇಕು. ನನ್ನ ಪಕ್ಕದಲ್ಲೇ ಕೂತಿರಬೇಕು."

"ಬಿಟ್ಟು ಹೋಗ್ತೀನಾ? ಹುಚ್ಚಿ!"

ಟೋಟೋ ಎಂಬ ಬ್ಯಾಟರಿ ರಿಕ್ಷಾದಲ್ಲಿ ಇಬ್ಬರೂ ಅಂಟಿಕೊಂಡು ಕೂತು ಹೋದರು. ಬಿ.ಟಿ. ರೋಡಿನ ಗದ್ದಲದಲ್ಲಿ ಮಧುದಿ ದಾರಿಯುದ್ದಕ್ಕೂ ಅವಳ ಬೆನ್ನು ಸವರುತ್ತಿದ್ದರು. ಔಷಧಿ ಅಂಗಡಿಯ ಮಹಡಿ ಮೇಲಿನ ಚೇಂಬರಿನಲ್ಲಿ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಅಪರ್ಣಾಳನ್ನು ಅದು ಇದು ಕೇಳಿ, "ಈಗ ತರಕಾರಿಗಳ ಹೆಸರು ಹೇಳ್ತಾ ಹೋಗಿ. ಯಾವ ಭಾಷೆಯಾದರೂ ಸರಿ. ನಾನು ಸಾಕು ಅನ್ನೋ ತನಕ," ಎಂದರು.

"ಬದನಿಕಾಯಿ, ಹೀರಿಕಾಯಿ, ಚವಳಿಕಾಯಿ, ಮುಳಗಾಯಿ ಅಂದ್ರೂ ಬದನಿಕಾಯಿನs, ಅದನ್ನ ಬಿಡ್ರಿ, ಹಕ್ಕರಕಿ, ರಾಜಗಿರಿ, ಪುಂಡಿಪಲ್ಯಾ, ಮೆಂತ್ಯೆಪಲ್ಯಾ, ಸೌತಿಕಾಯಿ..." ಧಾರವಾಡದ ಸಂತೆಯೇ ಮೇಜಿನ ಮೇಲೆ ಬಂದು ಬಿತ್ತು. ಡಾಕ್ಟರು ಒಂದೂ ಅರ್ಥವಾಗದೆ ನಕ್ಕು, ಸಾಕು ಎಂದು ಕೈ ಮಾಡಿದರು.

"ನೋಡಿದ್ರಾ, ಎಷ್ಟು ಜಾಣೆ ನನ್ನ ತಂಗಿ," ಎಂದರು ಮಧುದಿ ಹೆಮ್ಮೆಯಿಂದ.

ಅಪರ್ಣಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಡಾಕ್ಟರೇ, ನಮ್ಮ ಕೆಲಸದಲ್ಲಿ ಒಬ್ಬರದನ್ನೇ ನೋಡಿ ಏನೂ ತೀರ್ಮಾನ ಮಾಡೋ ಹಾಗಿಲ್ಲ. ಇಬ್ಬರದ್ದೂ ನೋಡಬೇಕು. ಇವರನ್ನೂ ಕೇಳಿ." ಹೇಳುವಾಗ ಡಾಕ್ಟರ ಕಣ್ಣನ್ನೇ ನೆಟ್ಟಗೆ ನೋಡಿದಳು. ಡಾಕ್ಟರು ಒಂದು ಕ್ಷಣ ಅವಳನ್ನೇ ದಿಟ್ಟಿಸಿ, ಕುರ್ಚಿಯನ್ನು ಮಧುದಿಯ ಕಡೆ ತಿರುಗಿಸಿದರು.

ಮಧುದಿ ಗಹಗಹಿಸಿ ನಕ್ಕರು. "ಹೌದು ಹೌದು, ನಮ್ಮ ಪದ್ಧತಿಯೇ ಹಾಗೆ! ಕೇಳಿ. ನಾನು ಮಾತ್ರ ಸೊಪ್ಪುಸದೆ ಹೇಳೋವಳಲ್ಲ. ಬಾರಾನಗರದ ಹೆಣ್ಣು, ಮೀನು ಹೇಳ್ತೀನಿ." ಸೆರಗು ಸರಿಪಡಿಸಿಕೊಂಡು ಬೆರಳು ಮಡಚತೊಡಗಿದರು. "ರುಯಿ. ಕಾತ್ಲಾ. ಇಲಿಶ್." ಮೂರು ಬೆರಳು ಮಡಚಿದವು. ನಾಲ್ಕನೆಯದು ನೆಟ್ಟಗೆ ನಿಂತಿತು. "ರುಯಿ..." ಎಂದರು. "ಇಲಿಶ್..." ಮುಖದ ಮೇಲೆ ನಗು ಇನ್ನೂ ಹಾಗೇ ಇತ್ತು, ಕಣ್ಣು ಮಾತ್ರ ಮೇಜಿನ ಮೇಲೆ ಏನನ್ನೋ ಹುಡುಕುತ್ತಿತ್ತು.

ಅಪರ್ಣಾ ಹುಟ್ಟಾ ಸಸ್ಯಾಹಾರಿ. ಕೋಲ್ಕತ್ತಕ್ಕೆ ಬಂದ ಹೊಸದರಲ್ಲಿ ಭಾನುವಾರ ಬೆಳಗಾದರೆ ಇದೇ ಮಧುದಿ ಅವಳನ್ನು ಮೀನಿನ ಬಜಾರಿಗೆ ಎಳೆದೊಯ್ಯುತ್ತಿದ್ದರು. ಮೂಗು ಮುಚ್ಚಿಕೊಂಡು ನಿಂತವಳ ಕೈಯನ್ನು ಸರಿಸಿ, ಬುಟ್ಟಿಯಿಂದ ಬುಟ್ಟಿಗೆ ನಡೆಸಿ, ಹೇಳು ಇದೇನು, ಹೇಳು ಅದೇನು ಎಂದು ಬಂಗಾಳಿ ಕಲಿಸಿದ್ದರು. ತಪ್ಪಿದರೆ ಮೀನಿನವರೆಲ್ಲ ಸೇರಿ ನಗುತ್ತಿದ್ದರು.

ಮೇಜಿನ ಕೆಳಗೆ ಮಧುದಿಯ ಕೈ ಬಂದು ಅವಳ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಅಪರ್ಣಾ ತಿರುಗಿ ನೋಡಿದಳು. ಮಧುದಿ ಅವಳನ್ನೇ ನೋಡುತ್ತಿದ್ದರು, ನಗು ಹೋಗಿತ್ತು. ಹೇಳಿಕೊಡಬೇಡಿ ಎಂಬಂತೆ ಡಾಕ್ಟರು ಬೆರಳನ್ನು ಮೆಲ್ಲಗೆ ಎತ್ತಿದರು.

ಪಾಬ್ದಾ, ಟ್ಯಾಂಗ್ರಾ, ಪಾರ್ಶೆ, ಮೌರೊಲಾ, ಚಿತೊಲ್, ಕೊಯಿ. ಜನ್ಮದಲ್ಲಿ ಮೀನು ಮುಟ್ಟದ ಅಪರ್ಣಾ ಅಷ್ಟನ್ನೂ ಬಾಯಲ್ಲಿ ತುಂಬಿಕೊಂಡು, ತುಟಿ ಬಿಗಿದು, ಆ ಕೈಯನ್ನು ಬಿಡದೆ ಹಿಡಿದು ಕೂತಳು.